ಪಿಕಪ್ ಗಾಡಿಯ ಟೈಮಿಂಗ್ ಚೈನು: ಸದ್ದು ಬೇರೆ, ಸವೆತ ಬೇರೆ



ಬೆಳಗಿನ ಜಾವ ನಾಲ್ಕು ಗಂಟೆ. ಹಿಂದಿನ ಸಂಜೆ ಬಿಡಿಸಿದ ಟೊಮೆಟೊ ಕ್ರೇಟುಗಳು ಗಾಡಿಗೆ ಏರಿವೆ, ಹಗ್ಗ ಬಿಗಿದದ್ದೂ ಆಯಿತು. ಕೋಲಾರದ ಮಾರುಕಟ್ಟೆಗೆ ಹರಾಜಿನ ಹೊತ್ತಿಗೆ ಸರಿಯಾಗಿ ಹೋಗಿ ಸೇರಬೇಕು. ಕೀಲಿ ತಿರುಗಿಸಿದಿರಿ, ಎಂಜಿನ್ನು ಹತ್ತಿತು. ಹತ್ತಿದ ಕೂಡಲೇ ಎಂಜಿನ್ನಿನ ಮುಂಭಾಗದಿಂದ, ತಗಡಿನ ಡಬ್ಬಿಯೊಳಗೆ ಸೈಕಲ್ ಚೈನು ಹಾಕಿ ಅಲ್ಲಾಡಿಸಿದ ಹಾಗೆ, ಗಲಗಲ ಗಲಗಲ ಎಂದು ಸದ್ದು ಬಂತು. ಐದಾರು ಸೆಕೆಂಡಿನಲ್ಲಿ ತಾನಾಗಿ ನಿಂತಿತು. ನಿಂತಿತಲ್ಲ, ಇನ್ನೇನು ಅಂತ ಗೇರು ಹಾಕಿ ಹೊರಟಿರಿ.

ಆ ಐದಾರು ಸೆಕೆಂಡಿನ ಸದ್ದು ಏನು, ಅದು ಎಲ್ಲಿಂದ ಬರುತ್ತದೆ, ಅದಕ್ಕೆ ನಾವು ಮಾಡಬೇಕಾದದ್ದೇನು ಎಂಬುದೇ ಇವತ್ತಿನ ಮಾತು.

ನಮ್ಮ ಕಡೆಯ ಟೊಮೆಟೊ ಬೆಳೆಗಾರರೊಬ್ಬರಿಗೆ ಇದೇ ಸದ್ದು ಎರಡು ತಿಂಗಳ ಕಾಲ ಬೆಳಬೆಳಗ್ಗೆ ಕೇಳಿಸುತ್ತಿತ್ತು. ಯಾರೋ ಹೇಳಿದರೆಂದು ಎಂಜಿನ್ ಆಯಿಲ್ಲಿಗೆ ಅಂಟಿನಂಥ ಔಷಧಿಯೊಂದನ್ನು ಡಬ್ಬಿಯಿಂದ ಸುರಿಸಿದರು. ಸದ್ದು ಕಡಿಮೆಯಾಯಿತು, ಮನಸ್ಸಿಗೆ ಸಮಾಧಾನವೂ ಆಯಿತು. ಆಮೇಲೆ ಒಂದು ದಿನ ತುಂಬಿದ ಗಾಡಿ ದಾರಿಯ ಮಧ್ಯೆ ಒಮ್ಮೆ ಕಟಕ್ ಎಂದು ನಿಂತದ್ದು ಮತ್ತೆ ಹತ್ತಲಿಲ್ಲ. ಚೈನು ಹಲ್ಲು ಹಾರಿ ವಾಲ್ವುಗಳು ಬಗ್ಗಿಹೋಗಿದ್ದವು. ಮಾಲು ಹೋಗಿ ಮುಟ್ಟುವಾಗ ಹರಾಜು ಮುಗಿದಿತ್ತು. ಗಾಡಿಯ ಸಾಲದ ಕಂತು ಆ ತಿಂಗಳೂ ಇತ್ತು, ಗ್ಯಾರೇಜಿನ ಬಿಲ್ಲೂ ಬಂತು. ಇದಕ್ಕೆ ಉಲ್ಟಾ ಮಾಡಿದವರನ್ನೂ ನಾನು ಬಲ್ಲೆ. ಸದ್ದು ಕೇಳಿದ ಮಾರನೆಯ ದಿನವೇ ಹೆದರಿ ಎಂಜಿನ್ನಿನ ಮುಂಭಾಗ ಬಿಚ್ಚಿಸಿ ಹೊಸ ಚೈನು ಹಾಕಿಸಿದರು. ಸದ್ದು ಹೋಗಲೇ ಇಲ್ಲ. ಕಡೆಗೆ ನೋಡಿದರೆ ತಪ್ಪೆಲ್ಲ ಅಗ್ಗದ ಆಯಿಲ್ ಫಿಲ್ಟರಿನದು.

ಒಬ್ಬರು ಅಸಡ್ಡೆಯಿಂದ ಕೆಟ್ಟರು, ಇನ್ನೊಬ್ಬರು ಅವಸರದಿಂದ. ಇಬ್ಬರೂ ಗಮನಿಸದೆ ಹೋದ ವಿಷಯ ಒಂದೇ: ಚೈನಿನ ಸದ್ದು ಬೇರೆ, ಚೈನಿನ ಸವೆತ ಬೇರೆ. ಸವೆಯದ ಚೈನು ಸದ್ದು ಮಾಡಬಹುದು, ಸವೆದ ಚೈನು ಸುಮ್ಮನೆ ಇರಬಹುದು. ಇದು ಹೇಗೆಂದು ತಿಳಿಯಬೇಕಾದರೆ ಮೊದಲು ಚೈನಿಗೆ ಅಲ್ಲಿ ಏನು ಕೆಲಸ ಎಂಬುದನ್ನು ನೋಡೋಣ.

ಎಂಜಿನ್ನಿನ ಕೆಳಗಡೆ ಪಿಸ್ಟನ್ನುಗಳು ತಿರುಗಿಸುವ ದಪ್ಪ ಷಾಫ್ಟು ಇದೆ, ಅದು ಕ್ರ್ಯಾಂಕ್ ಷಾಫ್ಟು. ಮೇಲ್ಗಡೆ ವಾಲ್ವುಗಳನ್ನು ತೆರೆಯುವ ಷಾಫ್ಟು ಕ್ಯಾಮ್ ಷಾಫ್ಟು. ಕ್ರ್ಯಾಂಕು ಎರಡು ಸುತ್ತು ಸುತ್ತಿದಾಗ ಕ್ಯಾಮು ಒಂದೇ ಸುತ್ತು ಸುತ್ತಬೇಕು. ಅದಕ್ಕೇ ಕೆಳಗಿನ ಚಕ್ರಕ್ಕೆ ಎಷ್ಟು ಹಲ್ಲೋ, ಮೇಲಿನದಕ್ಕೆ ಅದರ ಎರಡರಷ್ಟು. ಈ ಎರಡನ್ನೂ ಕಟ್ಟಿ ಹಿಡಿದಿರುವುದೇ ಟೈಮಿಂಗ್ ಚೈನು. ಎಂಜಿನ್ನು ನಿಮಿಷಕ್ಕೆ 3000 ಸುತ್ತು ತಿರುಗುತ್ತಿದೆ ಎನ್ನಿ, ಒಂದೊಂದು ವಾಲ್ವೂ ಸೆಕೆಂಡಿಗೆ 25 ಸಲ ತೆರೆದು ಮುಚ್ಚುತ್ತದೆ. ವಾಲ್ವು ಕೆಳಗೆ ಇಳಿಯುವ ಹೊತ್ತಿಗೆ ಪಿಸ್ಟನ್ನು ಅಲ್ಲಿಂದ ಸರಿದಿರಬೇಕು. ಡೀಸೆಲ್ ಎಂಜಿನ್ನಿನಲ್ಲಂತೂ ಪಿಸ್ಟನ್ನು ಮೇಲಿನ ತಲೆಗೆ ತಾಗಿತೋ ಇಲ್ಲವೋ ಎಂಬಷ್ಟು ಹತ್ತಿರ ಬಂದು ಹೋಗುತ್ತದೆ. ಚೈನು ಕೆಲವು ಹಲ್ಲು ಹಾರಿತೆಂದರೆ ಪಿಸ್ಟನ್ನು ವಾಲ್ವಿಗೆ ಗುದ್ದಿಬಿಡುತ್ತದೆ. ಮೇಲೆ ಹೇಳಿದ ಗಾಡಿಗೆ ಆದದ್ದು ಅದೇ.

ಎಲ್ಲ ಗಾಡಿಗಳಲ್ಲೂ ಚೈನೇ ಇರುತ್ತದೆಂದು ತಿಳಿಯಬೇಡಿ. ಕೆಲವು ಪಿಕಪ್ಪುಗಳಲ್ಲಿ ರಬ್ಬರಿನ ಹಲ್ಲಿನ ಬೆಲ್ಟು, ಕೆಲವಕ್ಕೆ ಹಲ್ಲಿನ ಚಕ್ರಕ್ಕೆ ಹಲ್ಲಿನ ಚಕ್ರ. ನಮ್ಮ ಹೆಚ್ಚಿನ ಟ್ರಾಕ್ಟರುಗಳಲ್ಲಿ ಇರುವುದು ಈ ಚಕ್ರಗಳೇ, ಆದ್ದರಿಂದ ಟ್ರಾಕ್ಟರು ಬಲ್ಲವರಿಗೂ ಚೈನಿನ ಕಾಟ ಹೊಸದು. ಬೆಲ್ಟು ಇದ್ದರೆ ಗಾಡಿಯ ಪುಸ್ತಕದಲ್ಲಿ ಇಷ್ಟು ಕಿಲೋಮೀಟರಿಗೆ, ಇಲ್ಲವೇ ಇಷ್ಟು ವರ್ಷಕ್ಕೆ ಬದಲಿಸಿ ಎಂದು ಬರೆದಿರುತ್ತದೆ. ಅದು ಸದ್ದು ಮಾಡಿ ಎಚ್ಚರಿಸುವುದಿಲ್ಲ, ಒಮ್ಮೆಲೇ ಕಿತ್ತುಹೋಗುತ್ತದೆ. ನಿಮ್ಮ ಗಾಡಿಯಲ್ಲಿ ಇರುವುದು ಯಾವುದು ಅಂತ ಮೊದಲು ಕೇಳಿ ತಿಳಿದುಕೊಳ್ಳಿ. ಮನೆಯಲ್ಲಿ 100 ಸಿ.ಸಿ. ಬೈಕು ಇದ್ದರೆ ಅದರ ಎಂಜಿನ್ನಿನೊಳಗೂ ಇಂಥದೇ ಒಂದು ಸಣ್ಣ ಚೈನು ಓಡುತ್ತಿರುತ್ತದೆ. ಹಿಂದಿನ ಚಕ್ರದ ಚೈನಲ್ಲ, ಒಳಗಿನದು. ಹಳೆಯ ಬೈಕಿನಲ್ಲಿ ಅದು ಕರಕರ ಎನ್ನುವುದನ್ನು ಕೇಳಿದ ಕಿವಿಗೆ ಪಿಕಪ್ಪಿನ ಸದ್ದು ಬೇಗ ಗುರುತು ಸಿಗುತ್ತದೆ.

ಇನ್ನು ಸದ್ದಿನ ವಿಚಾರ. ಚೈನು ಸಡಿಲಾಗಿ ಬಡಿದುಕೊಳ್ಳಬಾರದೆಂದು ಅದರ ಪಕ್ಕಕ್ಕೆ ಒತ್ತು ಕೊಡುವ ಒಂದು ಸಾಧನ ಇಟ್ಟಿರುತ್ತಾರೆ. ಅದರ ಹೆಸರು ಟೆನ್ಷನರ್. ಅದರೊಳಗೆ ಒಂದು ಸ್ಪ್ರಿಂಗು, ಒಂದು ಕಡ್ಡಿ. ಈಗಿನ ಹೆಚ್ಚಿನ ಎಂಜಿನ್ನುಗಳಲ್ಲಿ ಆ ಕಡ್ಡಿಯನ್ನು ಮುಂದಕ್ಕೆ ತಳ್ಳಿ ಹಿಡಿಯುವುದು ಮುಖ್ಯವಾಗಿ ಎಂಜಿನ್ ಆಯಿಲ್ಲಿನ ಒತ್ತಡ. ಚೈನು ಜಾರುವ ದಾರಿಯಲ್ಲಿ ಪ್ಲಾಸ್ಟಿಕ್ ಮುಖದ ಪಟ್ಟಿಗಳೂ ಇರುತ್ತವೆ, ಅವನ್ನು ಗೈಡು ಎನ್ನುತ್ತಾರೆ. ರಾತ್ರಿಯೆಲ್ಲ ಗಾಡಿ ನಿಂತಾಗ ಆಯಿಲ್ಲು ಕೆಳಗಿನ ತೊಟ್ಟಿಗೆ ಇಳಿಯುತ್ತದೆ. ಬೆಳಿಗ್ಗೆ ಎಂಜಿನ್ನು ಹತ್ತಿದಾಗ ಪಂಪು ಆಯಿಲ್ಲನ್ನು ಮತ್ತೆ ಮೇಲಕ್ಕೆ ಮುಟ್ಟಿಸುವ ತನಕ ಟೆನ್ಷನರಿಗೆ ಪೂರ್ತಿ ಬಲ ಇರದು, ಅಷ್ಟು ಹೊತ್ತು ಚೈನು ಬಡಿದುಕೊಳ್ಳಬಹುದು. ಬಹಳ ಹೊತ್ತು ನಿಂತ ಗಾಡಿ ಒಂದೆರಡು ಸೆಕೆಂಡು ಹೀಗೆ ಗಲಗಲ ಎಂದರೆ ಅನೇಕ ಎಂಜಿನ್ನುಗಳಲ್ಲಿ ಅದು ದೊಡ್ಡ ಮಾತಲ್ಲ. ಐದಾರು ಸೆಕೆಂಡು ಎಳೆದರೆ, ಅಥವಾ ಟೀ ಕುಡಿದು ಅರ್ಧ ಗಂಟೆಗೆ ಬಂದು ಹತ್ತಿಸಿದಾಗಲೂ ಕೇಳಿಸಿದರೆ, ಅಥವಾ ಎಂಜಿನ್ನು ಬಿಸಿಯಾದ ಮೇಲೂ ನಿಲ್ಲದಿದ್ದರೆ ಅದು ದೊಡ್ಡ ಮಾತು.

ಅಂದರೆ ಸದ್ದು ಕೇಳಿದಾಗ ಮೊದಲ ಸಂಶಯ ಆಯಿಲ್ಲಿನ ಮೇಲೆ, ಆಮೇಲೆ ಟೆನ್ಷನರಿನ ಮೇಲೆ, ಅದಾದ ಮೇಲೆ ಗೈಡು ಮತ್ತು ಚೈನಿನ ಮೇಲೆ ಬೀಳಬೇಕು. ಖರ್ಚೂ ಇದೇ ಕ್ರಮದಲ್ಲಿ ಏರುತ್ತದೆ. ಕಡಿಮೆ ಖರ್ಚಿನದನ್ನು ಮೊದಲು ನೋಡಿ ಕಳೆಯುವುದು ಜಾಣತನ.

ಆಯಿಲ್ಲು ನೋಡುವುದಕ್ಕೆ ಮೇಸ್ತ್ರಿ ಬೇಡ. ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಎಂಜಿನ್ನು ಆರಿಸಿ, ಹತ್ತು ನಿಮಿಷ ಬಿಟ್ಟು ಆಯಿಲ್ ಕಡ್ಡಿ ಎಳೆಯಿರಿ. ಬಟ್ಟೆಯಲ್ಲಿ ಒರೆಸಿ ಮತ್ತೆ ಅದ್ದಿ ತೆಗೆಯಿರಿ. ಎರಡು ಗುರುತುಗಳ ನಡುವೆ ಇದ್ದರೆ ಸರಿ. ಕೆಳಗಿನ ಗುರುತಿಗಿಂತ ತೀರ ಇಳಿದರೆ ಪಂಪು ಗಾಳಿ ಎಳೆಯುತ್ತದೆ. ಮೇಲಿನ ಗುರುತು ದಾಟಿದರೂ ಕೆಟ್ಟದ್ದೇ. ಕ್ರ್ಯಾಂಕು ಆಯಿಲ್ಲನ್ನು ಮೊಸರು ಕಡೆದಂತೆ ಕಡೆದು ನೊರೆ ಮಾಡುತ್ತದೆ, ನೊರೆಯಾದ ಆಯಿಲ್ಲಿಗೆ ಟೆನ್ಷನರನ್ನು ಗಟ್ಟಿಯಾಗಿ ಹಿಡಿಯುವ ಶಕ್ತಿ ಇಲ್ಲ. ಯಾರೂ ಹಾಕದೆ ಮಟ್ಟ ತಾನಾಗಿ ಏರುತ್ತಿದ್ದರೆ ಡೀಸೆಲ್ಲೋ ನೀರೋ ಒಳಗೆ ಸೇರುತ್ತಿದೆ ಎಂದು ತಿಳಿಯಿರಿ. 2020ರ ಏಪ್ರಿಲ್ಲಿನಿಂದ ಮಾರಾಟವಾಗುತ್ತಿರುವ ಬಿ.ಎಸ್. 6 ಡೀಸೆಲ್ ಗಾಡಿಗಳಲ್ಲಿ ಬಹಳಷ್ಟಕ್ಕೆ ಹೊಗೆಯ ಮಸಿ ಸೋಸುವ ಫಿಲ್ಟರು ಇರುತ್ತದೆ. ಆ ಮಸಿ ಸುಡುವುದಕ್ಕೆ ಎಂಜಿನ್ನು ಹೆಚ್ಚಿಗೆ ಡೀಸೆಲ್ ಬಿಡುತ್ತದೆ. ಬರೀ ಎರಡು ಮೂರು ಕಿಲೋಮೀಟರಿನ ಓಡಾಟಕ್ಕೇ ಗಾಡಿ ಬಳಸಿದರೆ ಅದರಲ್ಲಿ ಸ್ವಲ್ಪ ಆಯಿಲ್ಲಿಗೆ ಇಳಿದು ಅದನ್ನು ತೆಳ್ಳಗೆ ಮಾಡುತ್ತದೆ.

ಯಾವ ಆಯಿಲ್ಲು ಎಂಬುದನ್ನೂ ಪುಸ್ತಕ ನೋಡಿಯೇ ಹಾಕಬೇಕು. ತೀರ ಮಂದವಾದದ್ದು ಬೆಳಗಿನ ಚಳಿಯಲ್ಲಿ ಮೇಲೇರಲು ತಡಮಾಡುತ್ತದೆ, ತೀರ ತೆಳ್ಳಗಿನದು ಬಿಸಿಯಾದಾಗ ಒತ್ತಡ ಕಳೆದುಕೊಳ್ಳುತ್ತದೆ. ಇನ್ನೊಂದು ಮಾತು, ಇದು ನಮ್ಮ ಹಳ್ಳಿಗಳಲ್ಲೇ ಹೆಚ್ಚು ನಡೆಯುವುದು. ಟ್ರಾಕ್ಟರಿನ ಗೇರಿಗೂ ಹೈಡ್ರಾಲಿಕ್ಕಿಗೂ ತಂದ ದೊಡ್ಡ ಡಬ್ಬದ ಆಯಿಲ್ಲನ್ನು, "ಎಲ್ಲಾ ಆಯಿಲ್ಲೇ ಅಲ್ವಾ" ಎಂದು ಪಿಕಪ್ಪಿನ ಎಂಜಿನ್ನಿಗೆ ಸುರಿಯುವುದು. ಎಲ್ಲಾ ಆಯಿಲ್ಲಲ್ಲ. ಕೊಬ್ಬರಿ ಎಣ್ಣೆಯಲ್ಲಿ ಒಗ್ಗರಣೆ ಹಾಕಬಹುದು, ಬೇವಿನ ಎಣ್ಣೆಯಲ್ಲಿ ಆಗುತ್ತದೆಯೇ? ಹಾಗೇ ಇದೂ.

ಫಿಲ್ಟರಿನ ಕಥೆ ಆಗಲೇ ಹೇಳಿದೆ. ಅನೇಕ ಆಯಿಲ್ ಫಿಲ್ಟರುಗಳ ಒಳಗೆ ಒಂದು ರಬ್ಬರಿನ ತಡೆ ಇರುತ್ತದೆ. ಎಂಜಿನ್ನು ನಿಂತಾಗ ಫಿಲ್ಟರಿನಲ್ಲಿರುವ ಆಯಿಲ್ಲು ಹಿಂದಕ್ಕೆ ಹರಿದು ಹೋಗದಂತೆ ಹಿಡಿದಿಡುವುದು ಅದರ ಕೆಲಸ. ನಕಲಿ ಫಿಲ್ಟರಿನಲ್ಲಿ ಆ ರಬ್ಬರು ಇರುವುದಿಲ್ಲ, ಇದ್ದರೂ ಬೇಗ ಒಣಗಿ ಗಟ್ಟಿಯಾಗುತ್ತದೆ. ಆಗ ಬೆಳಬೆಳಗ್ಗೆ ಫಿಲ್ಟರು ಖಾಲಿ, ಅದು ತುಂಬಿ ಮುಂದೆ ಹರಿಯುವ ತನಕ ಚೈನು ಗಲಗಲ. ಆದ್ದರಿಂದ ಸದ್ದು ಬರೀ ತಣ್ಣಗಿನ ಎಂಜಿನ್ನಿನಲ್ಲಿ ಮಾತ್ರ ಕೇಳಿಸುತ್ತಿದ್ದರೆ, ಸರಿಯಾದ ಆಯಿಲ್ಲು ಮತ್ತು ಕಂಪನಿ ಹೇಳಿದ ಫಿಲ್ಟರು ಹಾಕಿಸಿ ಒಂದು ವಾರ ಕಿವಿಗೊಟ್ಟು ನೋಡಿ. ಅರ್ಧ ಮಂದಿಯ ತೊಂದರೆ ಅಲ್ಲಿಗೇ ತೀರಿದರೂ ನನಗೆ ಆಶ್ಚರ್ಯವಿಲ್ಲ. ಆದರೆ ಕೆಂಪು ಆಯಿಲ್ ದೀಪ ಹತ್ತಿದ್ದು ಆರದಿದ್ದರೆ ವಾರ ಕಾಯುವ ಮಾತಿಲ್ಲ. ಕೂಡಲೇ ಎಂಜಿನ್ನು ಆರಿಸಿ, ಗ್ಯಾರೇಜಿಗೆ ಎಳೆಸಿಕೊಂಡು ಹೋಗಿ.

ಈಗ ಇನ್ನೊಂದು ಪ್ರಶ್ನೆ. ಕೇಳಿಸಿದ್ದು ಚೈನಿನದೇ ಸದ್ದು ಹೌದೋ ಅಲ್ಲವೋ?

ಇದಕ್ಕೆ ಸ್ಟೀರಿಂಗಿನ ಮುಂದೆ ಕೂತವನ ಕಿವಿ ಸಾಲದು. ಅವನು ಗಾಜು ಏರಿಸಿ ಹಾಡು ಹಾಕಿಕೊಂಡಿರುತ್ತಾನೆ. ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿರುವ ಮನೆಯಾಕೆಗೆ ಆ ಸದ್ದು ಮೊದಲು ಕೇಳಿಸುತ್ತದೆ. "ಇವತ್ತು ಗಾಡಿ ನಿನ್ನೆಯ ಹಾಗೆ ಹತ್ತಲಿಲ್ಲ" ಎಂದು ಆಕೆ ಹೇಳಿದರೆ ನಂಬಿ. ಬೆಳಿಗ್ಗೆ ಗಾಡಿ ತಣ್ಣಗಿರುವಾಗ ಒಬ್ಬರು ಹತ್ತಿಸಿ, ಇನ್ನೊಬ್ಬರು ಮುಂಭಾಗದಲ್ಲಿ ದೂರ ನಿಂತು, ಸದ್ದು ಯಾವಾಗ ಶುರುವಾಯಿತು, ಎಷ್ಟು ಹೊತ್ತು ಇತ್ತು ಎಂದು ಗಮನಿಸಿ. ಈಗ ಎಲ್ಲರ ಕೈಯಲ್ಲೂ ಫೋನು ಇದೆ, ಅದರಲ್ಲಿ ರೆಕಾರ್ಡು ಮಾಡಿಕೊಂಡರೆ ಇನ್ನೂ ಒಳ್ಳೆಯದು. ಗ್ಯಾರೇಜಿಗೆ ಹೋಗುವಷ್ಟರಲ್ಲಿ ಎಂಜಿನ್ನು ಬಿಸಿಯಾಗಿ ಸದ್ದು ನಿಂತಿರುತ್ತದೆ, ಆಗ ಮೇಸ್ತ್ರಿಗೆ ಕೇಳಿಸಲು ನಿಮ್ಮಲ್ಲಿ ಏನಾದರೂ ಇರಬೇಕಲ್ಲ.

ಉದ್ದನೆಯ ಸ್ಕ್ರೂ ಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಯ ಹತ್ತಿರ ಮೂಳೆಗೆ ತಾಗಿಸಿ ಕೇಳುವುದು ಹಳೆಯ ಮೇಸ್ತ್ರಿಗಳ ಪದ್ಧತಿ. ಒಳ್ಳೆಯ ಪದ್ಧತಿಯೇ. ಆದರೆ ಹೆಗಲ ಮೇಲಿನ ಟವಲ್ಲು, ಪಂಚೆ, ಸೆರಗು, ಜಡೆ, ಕೈಯ ಬಳೆ ಇವು ಯಾವುವೂ ಫ್ಯಾನು ಬೆಲ್ಟುಗಳ ಹತ್ತಿರ ಸುಳಿಯಬಾರದು. ಮಕ್ಕಳನ್ನು ದೂರ ಕಳುಹಿಸಿ. ಬಗ್ಗಿ ನೋಡುವ ಮೊದಲು ಗಾಡಿ ನ್ಯೂಟ್ರಲ್ಲಿನಲ್ಲಿರಲಿ, ಕೈಬ್ರೇಕು ಎಳೆದಿರಲಿ, ಚಕ್ರಕ್ಕೆ ಕಲ್ಲು ಕೊಟ್ಟಿರಲಿ. ಎಂಜಿನ್ನಿನ ಮುಂದಿನ ಮುಚ್ಚಳದ ಮೇಲೆ ಸದ್ದು ಜೋರಾಗಿದ್ದು ಬೇರೆ ಕಡೆ ಕಡಿಮೆಯಾದರೆ ಚೈನಿನ ಮೇಲೆ ಸಂಶಯ ಬಲವಾಗುತ್ತದೆ. ಕೆಲವು ಎಂಜಿನ್ನುಗಳಲ್ಲಿ ಚೈನು ಹಿಂಭಾಗದಲ್ಲಿರುತ್ತದೆ ಎಂಬುದೂ ನೆನಪಿರಲಿ.

ಚೈನಿನ ಸದ್ದಿಗೆ ತಾಳ ಇಲ್ಲ. ಅದು ಒಂದರ ಮೇಲೊಂದು ಬಿದ್ದ ಗಲಗಲ, ಕರಕರ. ಎಂಜಿನ್ನನ್ನು ಸ್ವಲ್ಪ ಎತ್ತಿ ಆಕ್ಸಿಲರೇಟರು ಬಿಟ್ಟಾಗ, ಇಳಿಯುವ ಆ ಗಳಿಗೆಯಲ್ಲಿ ಚೈನು ಸಡಿಲಾಗಿ ಸದ್ದು ಹೆಚ್ಚು ಕೇಳಿಸುತ್ತದೆ. ಟ್ಯಾಪೆಟ್ಟಿನ ಸದ್ದಾದರೆ ಮೇಲ್ಗಡೆಯಿಂದ, ಹೊಲಿಗೆ ಯಂತ್ರದ ಹಾಗೆ ಟಿಕ್ ಟಿಕ್ ಎಂದು ತಾಳಕ್ಕೆ ಸರಿಯಾಗಿ ಬರುತ್ತದೆ. ಎಂಜಿನ್ನು 800 ಸುತ್ತಿನಲ್ಲಿ ನಿಂತು ಓಡುವಾಗ ಒಂದು ವಾಲ್ವಿನ ಟಿಕ್ಕು ಸೆಕೆಂಡಿಗೆ ಆರೇಳು. ಕನೆಕ್ಟಿಂಗ್ ರಾಡಿನ ಬೇರಿಂಗು ಹೋಗಿದ್ದರೆ ಕೆಳಗಿನಿಂದ ದಡ್ ದಡ್ ಎಂದು ದಪ್ಪ ಸದ್ದು, ಹೊರೆ ಎಳೆಯುವಾಗ ಜಾಸ್ತಿ. ಅದು ಕೇಳಿದರೆ ಗಾಡಿ ಮುಂದಕ್ಕೆ ಓಡಿಸಲೇಬೇಡಿ. ಸೈಲೆನ್ಸರಿನ ಕಡೆ ಗ್ಯಾಸ್ಕೆಟ್ಟು ಒಡೆದಿದ್ದರೂ ತಣ್ಣಗಿದ್ದಾಗ ಟಿಕ್ ಟಿಕ್ ಎಂದು, ಕಾದ ಮೇಲೆ ಕಬ್ಬಿಣ ಹಿಗ್ಗಿ ಸದ್ದು ತಗ್ಗಬಹುದು. ಇದನ್ನು ಚೈನೆಂದು ತಪ್ಪು ತಿಳಿಯುವವರು ಬಹಳ.

ಆಲ್ಟರ್ನೇಟರು, ನೀರಿನ ಪಂಪು, ಬೆಲ್ಟಿನ ರೋಲರುಗಳ ಬೇರಿಂಗು ಕೆಟ್ಟರೂ ಸದ್ದು ಅದೇ ಮುಂಭಾಗದಿಂದಲೇ ಬರುತ್ತದೆ. ಇದನ್ನು ಬೇರೆ ಮಾಡಿ ನೋಡುವುದಕ್ಕೆ ಮೇಸ್ತ್ರಿಗಳು ಹೊರಗಿನ ಬೆಲ್ಟನ್ನು ಕಳಚಿ ಎಂಜಿನ್ನು ಹತ್ತಿಸುತ್ತಾರೆ. ಸದ್ದು ಹೋಯಿತೆಂದರೆ ಚೈನಿನ ತಪ್ಪಲ್ಲ. ಬೆಲ್ಟು ಕಳಚುವಾಗ ಕೀಲಿ ಜೇಬಿನಲ್ಲಿರಬೇಕು. ಬೆಲ್ಟಿಲ್ಲದೆ ನೀರು ತಿರುಗುವುದಿಲ್ಲವಾದ ಕಾರಣ ಅರ್ಧ ನಿಮಿಷಕ್ಕಿಂತ ಹೆಚ್ಚು ಓಡಿಸಬಾರದು. ಗಾಡಿಯನ್ನು ಕದಲಿಸಲೂಬಾರದು, ಏಕೆಂದರೆ ಅನೇಕ ಡೀಸೆಲ್ ಗಾಡಿಗಳಲ್ಲಿ ಬ್ರೇಕಿಗೆ ಬಲ ಕೊಡುವ ಪಂಪು ಆಲ್ಟರ್ನೇಟರಿನ ಬೆನ್ನಿಗೇ ಇರುತ್ತದೆ.

ಇಷ್ಟು ಸದ್ದಿನ ಮಾತಾಯಿತು. ಸವೆತದ ಮಾತು ಇದಕ್ಕಿಂತ ಸೂಕ್ಷ್ಮ.

ಚೈನು ಉದ್ದವಾಯಿತು ಎನ್ನುತ್ತಾರಲ್ಲ, ಕಬ್ಬಿಣವೇನೂ ರಬ್ಬರಿನಂತೆ ಹಿಗ್ಗುವುದಿಲ್ಲ. ಒಂದೊಂದು ಕೊಂಡಿಯ ಒಳಗಿನ ಪಿನ್ನೂ ಅದು ತಿರುಗುವ ತೂತೂ ಉಜ್ಜಿ ಉಜ್ಜಿ ಸವೆಯುತ್ತವೆ. ಒಂದು ಕೊಂಡಿಯಲ್ಲಿ ಒಂದು ಮಿಲಿಮೀಟರಿನ ನೂರನೆಯ ಎರಡು ಪಾಲು ಸವೆಯಿತು ಎನ್ನಿ, ಕಣ್ಣಿಗೆ ಕಾಣುವುದಲ್ಲ. ಆದರೆ 120 ಕೊಂಡಿ ಇರುವ ಚೈನಿನಲ್ಲಿ ಅಷ್ಟಷ್ಟೇ ಕೂಡಿದರೆ 2.4 ಮಿಲಿಮೀಟರು ಆಯಿತು. ಹಳೆಯ ಸೈಕಲ್ ಚೈನನ್ನು ಹಿಡಿದು ಪಕ್ಕಕ್ಕೆ ಬಾಗಿಸಿ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಹೊಸದು ಬಿಗಿಯಾಗಿ ನಿಲ್ಲುತ್ತದೆ, ಹಳೆಯದು ಬಿಲ್ಲಿನಂತೆ ಬಾಗುತ್ತದೆ.

ಟೆನ್ಷನರು ಈ ಹೆಚ್ಚಿದ ಉದ್ದವನ್ನು ತನ್ನ ಕಡ್ಡಿ ಮುಂದೆ ಚಾಚಿ ತುಂಬಿಕೊಳ್ಳುತ್ತಾ ಹೋಗುತ್ತದೆ, ಆದ್ದರಿಂದ ಸದ್ದು ಬರುವುದಿಲ್ಲ. ಸಡಿಲನ್ನು ಅದು ತುಂಬಬಲ್ಲದು, ತಡವನ್ನು ತುಂಬಲಾರದು. ಟೆನ್ಷನರು ಒತ್ತುವುದು ಸಡಿಲ ಪಕ್ಕವನ್ನು. ಕ್ಯಾಮನ್ನು ಎಳೆಯುವ ಬಿಗಿ ಪಕ್ಕದಲ್ಲಿ ಚೈನು ಉದ್ದವಾದಷ್ಟೂ ಕ್ಯಾಮು ಹಿಂದೆ ಬೀಳುತ್ತದೆ, ವಾಲ್ವುಗಳು ಹೊತ್ತು ಮೀರಿ ತೆರೆಯುತ್ತವೆ. ಹೀಗಾಗಿ ಸದ್ದಿಲ್ಲದ ಗಾಡಿಯೂ ದಿಬ್ಬ ಏರುವಾಗ ಮೊದಲಿನ ಹಾಗೆ ಎಳೆಯುವುದಿಲ್ಲ, ಬೆಳಿಗ್ಗೆ ಹೆಚ್ಚು ಹೊತ್ತು ಸೆಲ್ಫು ಕೇಳುತ್ತದೆ, ಎಣ್ಣೆ ಹೆಚ್ಚು ಕುಡಿಯುತ್ತದೆ. ಟೆನ್ಷನರಿನ ಕಡ್ಡಿ ಇನ್ನು ಚಾಚಲಾರದಷ್ಟು ಚಾಚಿದ ದಿನ ಸದ್ದು ಶುರುವಾಗುತ್ತದೆ. ಆ ಹೊತ್ತಿಗೆ ಸವೆತ ಬಹಳ ಮುಂದುವರಿದಿರುತ್ತದೆ.

ಎಳೆತ ಕಡಿಮೆಯಾಗುವುದಕ್ಕೆ ಏರ್ ಫಿಲ್ಟರು ಕಟ್ಟಿರಬಹುದು, ಡೀಸೆಲ್ಲಿನಲ್ಲಿ ನೀರಿರಬಹುದು, ನೂರು ಕಾರಣ ಇರಬಹುದು. ಹಾಗಾದರೆ ಸವೆತವನ್ನು ಖಚಿತವಾಗಿ ತಿಳಿಯುವುದು ಹೇಗೆ? ಈಗಿನ ಎಂಜಿನ್ನುಗಳಲ್ಲಿ ಕ್ರ್ಯಾಂಕಿಗೂ ಕ್ಯಾಮಿಗೂ ಬೇರೆ ಬೇರೆ ಸೆನ್ಸರು ಇದ್ದು, ಎರಡರ ಹೊಂದಾಣಿಕೆ ತಪ್ಪಿದರೆ ಎಂಜಿನ್ನಿನ ಹಳದಿ ದೀಪ ಹತ್ತುತ್ತದೆ. ಗ್ಯಾರೇಜಿನಲ್ಲಿ ಸ್ಕ್ಯಾನರು ಹಚ್ಚಿದಾಗ ಪಿ 0016 ಎಂಬ ಸಂಕೇತ ಬಂದರೆ ಅದರ ಅರ್ಥ ಇದೇ. ಆದರೂ ಅದೊಂದನ್ನೇ ನಂಬಿ ಎಂಜಿನ್ನು ಬಿಚ್ಚಬಾರದು. ಸೆನ್ಸರು ಕೆಟ್ಟರೂ, ಇಲಿ ವೈರು ಕಡಿದರೂ ಅದೇ ಸಂಕೇತ ಬರಬಹುದು. ಹಳೆಯ ಪೆಟ್ರೋಲ್ ಎಂಜಿನ್ನುಗಳಲ್ಲಿ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು, ಕ್ರ್ಯಾಂಕನ್ನು ಸ್ಪ್ಯಾನರಿನಿಂದ ಹಿಂದೆ ಮುಂದೆ ತಿರುಗಿಸಿ, ಒಳಗಿನ ರೋಟರು ಎಷ್ಟು ತಡವಾಗಿ ಅಲ್ಲಾಡುತ್ತದೆ ಎಂದು ನೋಡುತ್ತಿದ್ದರು. ಈಗಿನವುಗಳಲ್ಲಿ ಈ ಪ್ರಯೋಗವನ್ನು ನೀವು ಮಾಡಬೇಡಿ. ಹಿಂದಕ್ಕೆ ತಿರುಗಿಸಿದರೆ ಕೆಲವು ಎಂಜಿನ್ನುಗಳಲ್ಲಿ ಚೈನು ಹಲ್ಲು ಹಾರುವ ಅಪಾಯ ಇದೆ. ಟೆನ್ಷನರಿನ ಕಡ್ಡಿ ಎಷ್ಟು ಹೊರಬಂದಿದೆ ಎಂದು ಅಳೆಯುವುದು ಒಳ್ಳೆಯ ಪರೀಕ್ಷೆ, ಆದರೆ ಅದನ್ನು ಬಿಚ್ಚಿ ಹಾಕುವ ಕ್ರಮ ಬಲ್ಲ ಮೇಸ್ತ್ರಿಯೇ ಮಾಡಬೇಕು.

ನೀವೇ ನೋಡಬಹುದಾದ ಒಂದು ಸಾಕ್ಷಿ ಇದೆ. ಆಯಿಲ್ಲು ಬದಲಿಸುವಾಗ ಹಳೆಯ ಆಯಿಲ್ಲನ್ನು ಅಗಲವಾದ ಪಾತ್ರೆಗೆ ಇಳಿಸಿ, ಹಳೆಯ ಬಟ್ಟೆಯಲ್ಲಿ ಸೋಸಿ. ಕಂದು ಬಣ್ಣದ ಪ್ಲಾಸ್ಟಿಕ್ ಚೂರು ಸಿಕ್ಕಿತೋ, ಗೈಡು ಮುರಿದಿದೆ. ಆ ಚೂರುಗಳು ಆಯಿಲ್ ಪಂಪಿನ ಜಾಲರಿಗೆ ಅಡ್ಡ ಕೂತರೆ ಇಡೀ ಎಂಜಿನ್ನಿಗೇ ಆಯಿಲ್ಲು ಸಿಗದೆ ಹೋಗುತ್ತದೆ. ಹೊಳೆಯುವ ಲೋಹದ ಪುಡಿ ಹೆಚ್ಚಾಗಿದ್ದರೂ ಮೇಸ್ತ್ರಿಗೆ ತೋರಿಸಿ. ಆಯಿಲ್ಲು ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಎಂದರ್ಥ. ಸಾಮಾನ್ಯವಾಗಿ ಅದು ಹೆಡ್ ಗ್ಯಾಸ್ಕೆಟ್ಟಿನ ತಪ್ಪು. ಆದರೆ ಚೈನಿನಿಂದಲೂ ಅದು ಆಗಬಹುದು ಎಂಬುದಕ್ಕೆ ಹೊರದೇಶದ ಒಂದು ಪ್ರಸಿದ್ಧ ಉದಾಹರಣೆ ಇದೆ.

ಟೊಯೋಟಾದವರು ಅಮೆರಿಕದಲ್ಲಿ ಮಾರಿದ ಪಿಕಪ್ಪುಗಳಲ್ಲಿ 1981ರಿಂದ 22ಆರ್ ಎಂಬ 2.4 ಲೀಟರಿನ ಪೆಟ್ರೋಲ್ ಎಂಜಿನ್ನು ಇತ್ತು. ಅದರದೇ ಮುಂದಿನ ರೂಪ 22ಆರ್ಇ 1995ರ ತನಕ ಬಂತು. ಲಕ್ಷಗಟ್ಟಲೆ ಮೈಲಿ ಓಡಿದ, ಗಟ್ಟಿಮುಟ್ಟೆಂದು ಹೆಸರಾದ ಎಂಜಿನ್ನದು. ಮೊದಲಿಗೆ ಅದಕ್ಕೆ ಎರಡು ಸಾಲಿನ ಚೈನು ಇತ್ತು. 1980ರ ದಶಕದ ಆರಂಭದಲ್ಲೇ ಅದನ್ನು ಒಂದು ಸಾಲಿಗೆ ಇಳಿಸಿ ಪ್ಲಾಸ್ಟಿಕ್ ಗೈಡು ಇಟ್ಟರು. ವರ್ಷಗಳು ಕಳೆದಂತೆ ಪ್ಲಾಸ್ಟಿಕ್ಕು ಬಿರುಸಾಗಿ ಗೈಡು ಮುರಿಯತೊಡಗಿತು. ಗೈಡು ಮುರಿದ ಮೇಲೂ ಎಂಜಿನ್ನು ಓಡುತ್ತಲೇ ಇತ್ತು, ಬರೀ ಸದ್ದು ಮಾತ್ರ. ಓಡುತ್ತದಲ್ಲ ಎಂದು ಬಿಟ್ಟವರ ಗಾಡಿಯಲ್ಲಿ ಚೈನು ಮುಂದಿನ ಅಲ್ಯೂಮಿನಿಯಂ ಮುಚ್ಚಳದ ಗೋಡೆಗೆ ತಗುಲಿ ಗರಗಸದಂತೆ ಕೊಯ್ಯಿತು. ಆ ಗೋಡೆಯ ಆಚೆ ಬದಿಯೇ ರೇಡಿಯೇಟರಿನ ನೀರು ಹರಿಯುವ ದಾರಿ. ತೂತು ಬಿದ್ದು ನೀರು ಆಯಿಲ್ಲಿಗೆ ಇಳಿದು ಬೇರಿಂಗುಗಳು ಹೋದವು. ಇವತ್ತಿಗೂ ಆ ಎಂಜಿನ್ನು ಬಲ್ಲವರು ರಿಪೇರಿಗೆ ಉಕ್ಕಿನ ಬೆನ್ನಿನ ಗೈಡುಗಳನ್ನೇ ಹಾಕುತ್ತಾರೆ. ಅಷ್ಟು ಗಟ್ಟಿ ಎಂಜಿನ್ನಿಗೇ ಹೀಗಾದರೆ ನಮ್ಮ ಸಣ್ಣ ಪಿಕಪ್ಪಿನ ಪಾಡೇನು, ನೀವೇ ಹೇಳಿ.

ಚೈನು ಬೇಗ ಸವೆಯುವುದಕ್ಕೆ ದೊಡ್ಡ ಕಾರಣ ಕೊಳೆ ಆಯಿಲ್ಲು. ಡೀಸೆಲ್ಲಿನ ಮಸಿ ಆಯಿಲ್ಲಿಗೆ ಸೇರಿ ಪಿನ್ನುಗಳ ನಡುವೆ ಅರದ ಪುಡಿಯಂತೆ ಉಜ್ಜುತ್ತದೆ. ಇದರಲ್ಲಿ ಕಿಲೋಮೀಟರಿನ ಲೆಕ್ಕ ನಮ್ಮನ್ನು ಮೋಸ ಮಾಡುತ್ತದೆ. ಮಾರುಕಟ್ಟೆಯ ಸಾಲಿನಲ್ಲಿ ಎರಡು ಗಂಟೆ ಎಂಜಿನ್ನು ಆರಿಸದೆ ನಿಂತರೆ ಮೀಟರು ಒಂದು ಕಿಲೋಮೀಟರೂ ತಿರುಗುವುದಿಲ್ಲ, ಆಯಿಲ್ಲು ಮಾತ್ರ ಎರಡು ಗಂಟೆಯ ವಯಸ್ಸು ಕಳೆದಿರುತ್ತದೆ. ಹೊಲದ ದೂಳು, ಮಿತಿ ಮೀರಿದ ಹೊರೆ, ಹತ್ತಿರ ಹತ್ತಿರದ ಓಡಾಟ ಇರುವ ಗಾಡಿಗೆ ಪುಸ್ತಕದಲ್ಲಿ ಕಷ್ಟದ ಬಳಕೆಗೆಂದು ಬೇರೆ ಅವಧಿ ಬರೆದಿದ್ದರೆ ನಿಮಗೆ ಅನ್ವಯಿಸುವುದು ಅದೇ.

ಚೈನು ಬದಲಿಸಲೇಬೇಕೆಂದು ತೀರ್ಮಾನವಾದರೆ ಬರೀ ಚೈನು ಹಾಕಿಸಿ ದುಡ್ಡು ಉಳಿಸಲು ಹೋಗಬೇಡಿ. ಹಳೆಯ ಚೈನಿನ ಜೊತೆ ಓಡಿದ ಚಕ್ರದ ಹಲ್ಲುಗಳು ಕೊಕ್ಕೆಯಂತೆ ಸವೆದಿರುತ್ತವೆ, ಅವು ಹೊಸ ಚೈನನ್ನು ಬೇಗ ತಿನ್ನುತ್ತವೆ. ಚೈನು, ಎರಡೂ ಹಲ್ಲಿನ ಚಕ್ರ, ಟೆನ್ಷನರು, ಗೈಡುಗಳು, ಕ್ರ್ಯಾಂಕಿನ ಮುಂದಿನ ಆಯಿಲ್ ಸೀಲು, ಹೊಸ ಆಯಿಲ್ಲು, ಫಿಲ್ಟರು ಇಷ್ಟೂ ಒಟ್ಟಿಗೇ ಆಗಲಿ. ಮುಂಭಾಗ ಬಿಚ್ಚುವ ಕೂಲಿಯೇ ದೊಡ್ಡದು, ಅದನ್ನು ಎರಡು ಸಲ ಕೊಡುವುದೇಕೆ? ಮಾಲು ಹೆಚ್ಚಿರುವ ದಿನಗಳಿಗೆ ಮೊದಲೇ, ಗಾಡಿಗೆ ಬಿಡುವಿರುವ ವಾರ ನೋಡಿ ಮಾಡಿಸಿ. ಕೆಲಸ ಆಗುವ ತನಕ ತುಂಬಿದ ಗಾಡಿ ಓಡಿಸಬೇಡಿ, ತಳ್ಳಿ ಗೇರಿನಲ್ಲಿ ಹತ್ತಿಸಬೇಡಿ.

ಜೋಡಿಸಿದ ಮೇಲೆ ಸೆಲ್ಫು ಹೊಡೆಯುವ ಮೊದಲು ಮೇಸ್ತ್ರಿಯು ಎಂಜಿನ್ನನ್ನು ಸ್ಪ್ಯಾನರಿನಿಂದ ಅದು ಓಡುವ ದಿಕ್ಕಿಗೇ ಎರಡು ಪೂರ್ತಿ ಸುತ್ತು ತಿರುಗಿಸಿ, ಚಕ್ರಗಳ ಗುರುತುಗಳು ಮತ್ತೆ ತಮ್ಮ ಜಾಗಕ್ಕೆ ಬಂದವೇ ಎಂದು ನೋಡಬೇಕು. ಅರ್ಧದಲ್ಲಿ ಎಲ್ಲೋ ಗಟ್ಟಿಯಾಗಿ ತಡೆಯಿತೆಂದರೆ ಬಲ ಹಾಕಬಾರದು, ವಾಲ್ವು ಪಿಸ್ಟನ್ನಿಗೆ ತಗುಲುತ್ತಿದೆ ಎಂದು ತಿಳಿಯಬೇಕು. "ಅಣ್ಣಾ, ಎರಡು ಸುತ್ತು ಕೈಯಲ್ಲಿ ತಿರುಗಿಸಿ ನೋಡಿದಿರಾ?" ಎಂದು ಕೇಳುವುದಕ್ಕೆ ಸಂಕೋಚ ಬೇಡ, ಒಳ್ಳೆಯ ಮೇಸ್ತ್ರಿ ಅದಕ್ಕೆ ಬೇಸರಪಡುವುದಿಲ್ಲ. ಬಿಚ್ಚಿದ ಹಳೆಯ ಸಾಮಾನನ್ನೂ ಕೇಳಿ ತೆಗೆದುಕೊಳ್ಳಿ. ಹೊಸ ಚೈನನ್ನೂ ಹಳೆಯದನ್ನೂ ಒಂದೇ ಮೊಳೆಗೆ ನೇತುಹಾಕಿದರೆ ಯಾವುದು ಎಷ್ಟು ಕೆಳಗಿಳಿದಿದೆ ಎಂಬುದು ನಿಮ್ಮ ಕಣ್ಣಿಗೇ ಕಾಣುತ್ತದೆ. ಜೋಡಿಸುವ ಮುಂಚೆಯೇ ಹೀಗೆ ತೂಗಿ ತೋರಿಸುವಂತೆ ಮೇಸ್ತ್ರಿಗೆ ಹೇಳಿಟ್ಟಿರಿ.